ಯಾವ ಫೋಲ್ಡರ್, ಎಲ್ಲಿಯ ಫೋಲ್ಡರ್? ಟೈಟಲ್ ಬಾರ್‌ನಲ್ಲೇ ಪೂರ್ತಿ ವಿಳಾಸ

ಮದುವೆ ಸೀಸನ್ನಿನಲ್ಲಿ ಫೋಟೋ ಸ್ಟುಡಿಯೊದ ಕಂಪ್ಯೂಟರ್ ಮುಂದೆ ಕುಳಿತವರ ಪಾಡು ನೋಡಿ. ಒಂದು ಮೆಮೊರಿ ಕಾರ್ಡಿನಲ್ಲಿ ಆರತಕ್ಷತೆ, ಇನ್ನೊಂದರಲ್ಲಿ ಧಾರೆ. ಎರಡನ್ನೂ ರೀಡರಿಗೆ ಹಾಕಿ ತೆರೆದರೆ ಎರಡೂ ವಿಂಡೋಗಳ ನೆತ್ತಿಯ ಮೇಲೆ ಒಂದೇ ಹೆಸರು: ಡಿಸಿಐಎಂ. ಡಿಜಿಟಲ್ ಕ್ಯಾಮೆರಾಗಳು ಪಾಲಿಸುವ ಡಿಸಿಎಫ್ ಎಂಬ ಮಾನದಂಡದ ಪ್ರಕಾರ ಚಿತ್ರಗಳು ಆ ಹೆಸರಿನ ಫೋಲ್ಡರಿನಲ್ಲೇ ಕೂರಬೇಕು. ಅದರೊಳಗಿನ ಫೋಲ್ಡರುಗಳ ಹೆಸರು 100ರಿಂದ 999ರವರೆಗಿನ ಒಂದು ಸಂಖ್ಯೆಯಿಂದ ಶುರುವಾಗಬೇಕು. ಚಿತ್ರಗಳ ನಂಬರು 0001ರಿಂದ 9999ರವರೆಗೆ ಓಡಿ ಮತ್ತೆ ಮೊದಲಿಗೆ ಬರುತ್ತದೆ. ಹಾಗಾಗಿ ಫೋಲ್ಡರ್ ಹೆಸರೂ ಒಂದೇ, ಒಳಗಿನ ಫೈಲುಗಳ ಹೆಸರೂ ಹೆಚ್ಚುಕಡಿಮೆ ಒಂದೇ.

ಈ ಎರಡರಲ್ಲಿ ಒಂದು ಕಾರ್ಡು ಕಾಪಿ ಆಗಿದೆ, ಅದನ್ನು ಖಾಲಿ ಮಾಡಬೇಕು. ಇನ್ನೊಂದು ಇನ್ನೂ ಆಗಿಲ್ಲ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತುವ ಆ ಗಳಿಗೆಯಲ್ಲಿ ಎದುರಿಗಿರುವುದು ಯಾವ ಕಾರ್ಡು? ತಪ್ಪಿದರೆ ರೀಸೈಕಲ್ ಬಿನ್ ಕೂಡ ಕಾಯುವುದಿಲ್ಲ. ಮೆಮೊರಿ ಕಾರ್ಡು, ಪೆನ್ ಡ್ರೈವುಗಳಿಂದ ಅಳಿಸಿದ ಫೈಲುಗಳು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದೇ ಇಲ್ಲ.

ಕರ್ನಾಟಕದಲ್ಲಿ ಹೊಸಹಳ್ಳಿ ಎಂಬ ಊರು ಎಷ್ಟಿವೆಯೋ ಲೆಕ್ಕ ಇಟ್ಟವರಿಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ ಸೇರಿದಾಗಲೇ ಅದು ಯಾವ ಹೊಸಹಳ್ಳಿ ಎಂದು ತಿಳಿಯುವುದು. ಫೋಲ್ಡರಿನದೂ ಇದೇ ಕಥೆ. ‘ಫೋಟೋಸ್’, ‘ಫೈನಲ್’, ‘ನ್ಯೂ ಫೋಲ್ಡರ್’ ಎನ್ನುವುದು ಬರೀ ಹೆಸರು. ಯಾವ ಡ್ರೈವು, ಯಾವ ಫೋಲ್ಡರಿನೊಳಗೆ ಯಾವುದು ಎಂಬ ಪೂರ್ತಿ ಸಾಲು, ಅಂದರೆ ಪಾತ್, ಅದರ ವಿಳಾಸ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಈ ವಿಳಾಸವನ್ನು ಸದಾ ಕಣ್ಣೆದುರು ಇಟ್ಟುಕೊಳ್ಳುವ ಸೌಲಭ್ಯವಿದೆ. ಆದರೆ ಹೆಚ್ಚಿನ ಕಂಪ್ಯೂಟರುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ನಾವೇ ಆನ್ ಮಾಡಿಕೊಳ್ಳಬೇಕು.

(ಓದಲು ಸುಲಭವಾಗಲೆಂದು ಇಲ್ಲಿ ಮೆನುಗಳ ಹೆಸರು, ವಿಳಾಸಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ನಿಮ್ಮ ಪರದೆಯಲ್ಲಿ ಅವು ಇಂಗ್ಲಿಷಿನಲ್ಲಿ ಕಾಣಬಹುದು.)

ವಿಂಡೋಸ್‌ನಲ್ಲಿ ಹೀಗೆ ಮಾಡಿ

ವಿಂಡೋಸ್ 11 ಇದ್ದರೆ:

1. ವಿಂಡೋಸ್ ಕೀ + ಇ ಒತ್ತಿ ಫೈಲ್ ಎಕ್ಸ್‌ಪ್ಲೋರರ್ ತೆರೆಯಿರಿ.
2. ಮೇಲಿನ ಸಾಲಿನಲ್ಲಿ ಕಾಣುವ ಮೂರು ಚುಕ್ಕಿಗಳನ್ನು ಕ್ಲಿಕ್ ಮಾಡಿ ‘ಆಪ್ಷನ್ಸ್’ ಆರಿಸಿ.
3. ತೆರೆಯುವ ಪುಟ್ಟ ಪೆಟ್ಟಿಗೆಯಲ್ಲಿ ‘ವ್ಯೂ’ ಟ್ಯಾಬ್‌ಗೆ ಹೋಗಿ.
4. ‘ಅಡ್ವಾನ್ಸ್ಡ್ ಸೆಟ್ಟಿಂಗ್ಸ್’ ಪಟ್ಟಿಯಲ್ಲಿ ‘ಡಿಸ್‌ಪ್ಲೇ ದ ಫುಲ್ ಪಾತ್ ಇನ್ ದ ಟೈಟಲ್ ಬಾರ್’ ಎಂಬ ಸಾಲನ್ನು ಹುಡುಕಿ, ಅದರ ಪಕ್ಕದ ಚೌಕಕ್ಕೆ ಟಿಕ್ ಹಾಕಿ.
5. ‘ಅಪ್ಲೈ’, ಆಮೇಲೆ ‘ಓಕೆ’.

ವಿಂಡೋಸ್ 10ರಲ್ಲಿ ದಾರಿ ಸ್ವಲ್ಪ ಬೇರೆ. ಎಕ್ಸ್‌ಪ್ಲೋರರ್‌ನ ಮೇಲಿನ ‘ವ್ಯೂ’ ಟ್ಯಾಬ್ ಒತ್ತಿ, ಬಲತುದಿಯ ‘ಆಪ್ಷನ್ಸ್’ ಕ್ಲಿಕ್ ಮಾಡಿದರೆ ಅದೇ ಪೆಟ್ಟಿಗೆ ತೆರೆಯುತ್ತದೆ. ಮುಂದಿನದೆಲ್ಲ ಮೇಲೆ ಹೇಳಿದಂತೆಯೇ. ಈ ಆವೃತ್ತಿಗೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ ಎಷ್ಟೋ ಅಂಗಡಿ, ಕಚೇರಿಗಳಲ್ಲಿ ಇನ್ನೂ ಅದೇ ನಡೆಯುತ್ತಿರುವುದರಿಂದ ಇದನ್ನೂ ಹೇಳಬೇಕಾಯಿತು. ಮೆನು ಹುಡುಕುವ ತಾಪತ್ರಯವೇ ಬೇಡ ಎನ್ನುವವರು ಸ್ಟಾರ್ಟ್ ಮೆನುವಿನಲ್ಲಿ ‘ಫೈಲ್ ಎಕ್ಸ್‌ಪ್ಲೋರರ್ ಆಪ್ಷನ್ಸ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೂ ಸಾಕು.

ಈಗ ಆ ಎರಡು ಕಾರ್ಡುಗಳ ವಿಂಡೋಗಳನ್ನು ಮತ್ತೆ ನೋಡಿ. ಒಂದರ ಮೇಲೆ ‘ಇ:\ಡಿಸಿಐಎಂ’, ಇನ್ನೊಂದರ ಮೇಲೆ ‘ಎಫ್:\ಡಿಸಿಐಎಂ’ ಎಂದಿರುತ್ತದೆ. ವ್ಯತ್ಯಾಸ ಒಂದೇ ಅಕ್ಷರದ್ದು. ಉಳಿಯುವುದು ಮಾತ್ರ ಇಡೀ ಧಾರೆಯ ಚಿತ್ರಗಳು.

ಅಡ್ರೆಸ್ ಬಾರ್ ಇದ್ದೇ ಇದೆಯಲ್ಲ?

ವಿಂಡೋದೊಳಗೆ ಅಡ್ರೆಸ್ ಬಾರ್ ಇರುವಾಗ ಟೈಟಲ್‌ನಲ್ಲೂ ಯಾಕೆ ಎಂದು ಕೇಳಬಹುದು. ಅಡ್ರೆಸ್ ಬಾರ್ ಕಾಣುವುದು ವಿಂಡೋ ತೆರೆದು ಎದುರಿಗಿದ್ದಾಗ ಮಾತ್ರ. ಟೈಟಲ್ ಹಾಗಲ್ಲ, ವಿಂಡೋ ಮರೆಯಲ್ಲಿದ್ದಾಗಲೂ ಅದರ ಗುರುತಾಗಿ ಹೊರಗೆ ಓಡಾಡುತ್ತದೆ. ಆಲ್ಟ್ + ಟ್ಯಾಬ್ ಒತ್ತಿದಾಗ ಸಾಲಾಗಿ ಬರುವ ಚಿಕ್ಕ ಚಿತ್ರಗಳ ತಲೆಯ ಮೇಲಿರುವುದು ಅದೇ. ಟಾಸ್ಕ್‌ಬಾರಿನ ಐಕಾನ್ ಮೇಲೆ ಮೌಸ್ ಇಟ್ಟಾಗ ಕಾಣುವುದೂ ಅದೇ. ನಾಲ್ಕಾರು ಫೋಲ್ಡರ್ ತೆರೆದಿಟ್ಟುಕೊಂಡು ಕೆಲಸ ಮಾಡುವವರಿಗೆ ಪ್ರಯೋಜನ ಸಿಗುವುದು ಇಲ್ಲಿಯೇ: ಯಾವ ವಿಂಡೋ ಬೇಕು ಎಂದು ಒಂದೊಂದನ್ನೇ ತೆರೆದು ನೋಡುವ ಕೆಲಸ ತಪ್ಪುತ್ತದೆ.

ಪರದೆ ಕಾಣದವರಿಗೂ ಇದರ ಉಪಯೋಗವಿದೆ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಬಳಸುವವರು ಅದರ ಎನ್‌ವಿಡಿಎ ಕೀ + ಟಿ ಒತ್ತಿದರೆ ಅದು ವಿಂಡೋದ ಟೈಟಲನ್ನು ಓದಿ ಹೇಳುತ್ತದೆ. ಸೆಟ್ಟಿಂಗ್ ಆನ್ ಇದ್ದರೆ ಫೋಲ್ಡರಿನ ಹೆಸರಿನ ಜೊತೆಗೆ ಅದು ಇರುವ ಜಾಗವೂ ಕಿವಿಗೆ ಬೀಳುತ್ತದೆ. ಪದೇ ಪದೇ ಉದ್ದನೆಯ ಸಾಲು ಕೇಳುವುದು ಕಿರಿಕಿರಿ ಎನಿಸಿದರೆ ಟಿಕ್ ತೆಗೆದರಾಯಿತು.

ಇನ್ನೊಂದು ಮುಖ್ಯ ಲಾಭ ಒನ್‌ಡ್ರೈವ್ ಇರುವ ಕಂಪ್ಯೂಟರುಗಳಲ್ಲಿ. ಒನ್‌ಡ್ರೈವ್‌ನ ಬ್ಯಾಕಪ್ ಆನ್ ಮಾಡಿದಾಗ ‘ಡಾಕ್ಯುಮೆಂಟ್ಸ್’, ‘ಪಿಕ್ಚರ್ಸ್’, ‘ಡೆಸ್ಕ್‌ಟಾಪ್’ ಫೋಲ್ಡರುಗಳು ಒನ್‌ಡ್ರೈವ್ ಫೋಲ್ಡರಿನೊಳಗೆ ಸೇರಿಕೊಳ್ಳುತ್ತವೆ. ಹೆಸರು ಮೊದಲಿನದೇ, ವಿಳಾಸ ಮಾತ್ರ ಹೊಸದು. ಹಳೆಯ ಜಾಗದಲ್ಲೂ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಉಳಿದುಬಿಟ್ಟರೆ ‘ನಿನ್ನೆ ಸೇವ್ ಮಾಡಿದ ಫೈಲು ಇವತ್ತು ಕಾಣುತ್ತಿಲ್ಲ’ ಎಂಬ ಗೋಳು ಶುರು. ಟೈಟಲ್‌ನಲ್ಲಿ ‘ಸಿ:\ಯೂಸರ್ಸ್\ಗಿರಿಜಾ\ಡಾಕ್ಯುಮೆಂಟ್ಸ್’ ಎಂದಿದೆಯೋ, ನಡುವೆ ‘ಒನ್‌ಡ್ರೈವ್’ ಎಂಬುದೂ ಸೇರಿದೆಯೋ ನೋಡಿದರೆ ನೀವು ಯಾವುದರಲ್ಲಿದ್ದೀರಿ ಎಂದು ಕೂಡಲೇ ಗೊತ್ತಾಗುತ್ತದೆ.

ಆನ್ ಮಾಡಿದರೂ ಕಾಣುತ್ತಿಲ್ಲವೇ?

‘ದಿಸ್ ಪಿಸಿ’, ‘ಹೋಮ್’, ‘ಲೈಬ್ರರೀಸ್’ ಇವು ಡಿಸ್ಕಿನ ಮೇಲಿರುವ ನಿಜವಾದ ಫೋಲ್ಡರುಗಳಲ್ಲ. ಅವಕ್ಕೆ ವಿಳಾಸವೇ ಇಲ್ಲದ್ದರಿಂದ ಟೈಟಲ್‌ನಲ್ಲೂ ಹೆಸರಷ್ಟೇ ಬರುತ್ತದೆ. ಒಳಗಿನ ಯಾವುದಾದರೂ ಡ್ರೈವ್ ಅಥವಾ ಫೋಲ್ಡರಿಗೆ ಹೋಗಿ ನೋಡಿ.

ಈ ಸೆಟ್ಟಿಂಗ್ ಒಬ್ಬೊಬ್ಬ ಬಳಕೆದಾರರಿಗೆ ಪ್ರತ್ಯೇಕ. ಒಂದೇ ಕಂಪ್ಯೂಟರಿನಲ್ಲಿ ನಿಮ್ಮದೊಂದು ಲಾಗಿನ್, ಸಹೋದ್ಯೋಗಿಯದೊಂದು ಲಾಗಿನ್ ಇದ್ದರೆ ಎರಡರಲ್ಲೂ ಬೇರೆ ಬೇರೆಯಾಗಿ ಟಿಕ್ ಹಾಕಬೇಕು. ಅದೇ ಪೆಟ್ಟಿಗೆಯಲ್ಲಿರುವ ‘ರಿಸ್ಟೋರ್ ಡಿಫಾಲ್ಟ್ಸ್’ ಬಟನ್ ಒತ್ತಿದರೆ ಟಿಕ್ ಮತ್ತೆ ಹೋಗುತ್ತದೆ. ಬಹಳಷ್ಟು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತಂತ್ರಜ್ಞರಿಗೆ ಒಂದು ಸುಳಿವು: ರಿಜಿಸ್ಟ್ರಿಯಲ್ಲಿ ಕರೆಂಟ್ ಯೂಸರ್ ಭಾಗದ ಎಕ್ಸ್‌ಪ್ಲೋರರ್ ಕೆಳಗೆ ‘ಕ್ಯಾಬಿನೆಟ್‌ಸ್ಟೇಟ್’ ಎಂಬ ಕೀ ಇದೆ, ಅದರ ‘ಫುಲ್‌ಪಾತ್’ ಮೌಲ್ಯ 1 ಆಗಿದ್ದರೆ ಆನ್, 0 ಆಗಿದ್ದರೆ ಆಫ್.

ಇನ್ನೂ ವಿಂಡೋಸ್ 7 ಓಡಿಸುತ್ತಿರುವವರು ಈ ಸೆಟ್ಟಿಂಗ್‌ಗಾಗಿ ತಲೆ ಕೆಡಿಸಿಕೊಳ್ಳಬೇಡಿ. 2007ರಲ್ಲಿ ವಿಸ್ಟಾ ಬಂದಾಗ ಎಕ್ಸ್‌ಪ್ಲೋರರ್‌ನ ಟೈಟಲ್ ಬಾರ್ ಅನ್ನೇ ಮೈಕ್ರೋಸಾಫ್ಟ್ ಖಾಲಿ ಬಿಟ್ಟಿತ್ತು; 2009ರ ವಿಂಡೋಸ್ 7ರಲ್ಲೂ ಅದೇ ಮುಂದುವರಿಯಿತು. ಅದರಲ್ಲಿ ಈ ಆಯ್ಕೆಯ ಪಕ್ಕದಲ್ಲೇ, ಕ್ಲಾಸಿಕ್ ಥೀಮ್‌ಗೆ ಮಾತ್ರ ಎಂದು ಬರೆದಿರುತ್ತದೆ. ಟೈಟಲ್‌ನಲ್ಲಿ ಅಕ್ಷರ ಮರಳಿ ಬಂದದ್ದು 2012ರ ವಿಂಡೋಸ್ 8ರಲ್ಲಿ.

ವಿಂಡೋಸ್ 11ರಲ್ಲಿ ತೊಡಕು ಬೇರೆ ಬಗೆಯದು. 2022ರಲ್ಲಿ ಎಕ್ಸ್‌ಪ್ಲೋರರ್‌ಗೆ ಬ್ರೌಸರ್‌ನಂತೆ ಟ್ಯಾಬುಗಳು ಬಂದವು, ಟೈಟಲ್ ಇದ್ದ ಜಾಗವನ್ನು ಅವೇ ಆಕ್ರಮಿಸಿದವು. ಹಾಗಾಗಿ ಪೂರ್ತಿ ವಿಳಾಸ ಈಗ ಟ್ಯಾಬಿನ ಮೇಲೆ ಬರುತ್ತದೆ. ಟ್ಯಾಬಿನ ಅಗಲ ಅಷ್ಟಕ್ಕಷ್ಟೇ, ಉದ್ದದ ಸಾಲು ಅರ್ಧಕ್ಕೇ ತುಂಡಾಗುತ್ತದೆ. ಕತ್ತರಿ ಬೀಳುವುದೂ ಬಲಗಡೆಗೇ. ಅಂದರೆ ಎಲ್ಲ ಟ್ಯಾಬುಗಳಲ್ಲೂ ‘ಸಿ:\ಯೂಸರ್ಸ್\ಗಿರಿಜಾ’ ಎಂಬ ಒಂದೇ ಆರಂಭ ಉಳಿದು, ಬೇಕಾದ ಕೊನೆಯ ಹೆಸರೇ ಮಾಯ. ಟಾಸ್ಕ್‌ಬಾರಿನಲ್ಲಿ ಐಕಾನ್ ಜೊತೆ ಹೆಸರೂ ಕಾಣುವಂತೆ ಇಟ್ಟುಕೊಂಡವರಿಗೂ ಇದೇ ತೊಂದರೆ.

ಇದಕ್ಕೆ ಪರಿಹಾರ ಸೆಟ್ಟಿಂಗ್‌ನಲ್ಲಿಲ್ಲ, ಫೋಲ್ಡರುಗಳನ್ನು ಜೋಡಿಸುವ ಕ್ರಮದಲ್ಲಿದೆ. ಕೆಲಸದ ಫೋಲ್ಡರುಗಳನ್ನು ಏಳೆಂಟು ಹಂತ ಆಳಕ್ಕೆ ಇಳಿಸದೆ ಡ್ರೈವಿನ ಹತ್ತಿರವೇ ಇಡಿ. ‘ಡಿ:\ಆಲ್ಬಮ್\2025\ರಾವ್-ಧಾರೆ’ ಎಂಬಷ್ಟು ಚಿಕ್ಕದಾಗಿದ್ದರೆ ಎಲ್ಲಿ ಬೇಕಾದರೂ ಪೂರ್ತಿ ಕಾಣುತ್ತದೆ. ಒಂದೇ ಡ್ರೈವಿನ ಹತ್ತಾರು ಆಳದ ಫೋಲ್ಡರುಗಳ ನಡುವೆಯೇ ಓಡಾಡುವವರಿಗೆ, ನಿಜ ಹೇಳಬೇಕೆಂದರೆ, ಈ ಸೆಟ್ಟಿಂಗ್ ಆಫ್ ಇರುವುದೇ ಮೇಲು. ಎರಡು ಡ್ರೈವ್, ಎರಡು ಬ್ಯಾಕಪ್, ಹಲವು ಪೆನ್ ಡ್ರೈವುಗಳ ನಡುವೆ ಕೆಲಸ ಮಾಡುವವರಿಗೆ ಆನ್ ಇರಲೇಬೇಕು.

ನೋಡಿದ ವಿಳಾಸವನ್ನು ಬಳಸುವುದು

ವಿಳಾಸ ಕಂಡರೆ ಸಾಲದು, ಅದನ್ನು ಎತ್ತಿಕೊಂಡು ಇನ್ನೊಂದೆಡೆ ಹಾಕಲು ಬಂದರೆ ಕೆಲಸ ಹಗುರ. ಆಲ್ಟ್ + ಡಿ ಒತ್ತಿದರೆ ಅಡ್ರೆಸ್ ಬಾರ್‌ನೊಳಗಿನದು ಸೆಲೆಕ್ಟ್ ಆಗುತ್ತದೆ, ಕಂಟ್ರೋಲ್ + ಸಿ ಒತ್ತಿ ಕಾಪಿ ಮಾಡಬಹುದು. ಒಂದು ನಿರ್ದಿಷ್ಟ ಫೈಲಿನ ವಿಳಾಸವೇ ಬೇಕಿದ್ದರೆ ವಿಂಡೋಸ್ 11ರಲ್ಲಿ ಫೈಲನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್ + ಶಿಫ್ಟ್ + ಸಿ ಒತ್ತಿ. ವಿಂಡೋಸ್ 10ರಲ್ಲಿ ಶಿಫ್ಟ್ ಹಿಡಿದುಕೊಂಡು ಬಲಕ್ಲಿಕ್ ಮಾಡಿದರೆ ‘ಕಾಪಿ ಆಸ್ ಪಾತ್’ ಸಿಗುತ್ತದೆ.

ಇದರ ಉಪಯೋಗ ಸೇವಾ ಸಿಂಧುವಿನಂಥ ಪೋರ್ಟಲ್‌ಗೆ ದಾಖಲೆ ಅಪ್‌ಲೋಡ್ ಮಾಡುವಾಗ ತಿಳಿಯುತ್ತದೆ. ಫೈಲ್ ಆರಿಸಿ ಎಂಬ ಪೆಟ್ಟಿಗೆ ತೆರೆದಾಗ ಫೋಲ್ಡರ್ ಮೇಲೆ ಫೋಲ್ಡರ್ ತೆರೆಯುತ್ತಾ ಹೋಗಬೇಕಿಲ್ಲ. ಕೆಳಗಿನ ‘ಫೈಲ್ ನೇಮ್’ ಜಾಗದಲ್ಲಿ ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಮಾಡಿ ಎಂಟರ್ ಒತ್ತಿದರೆ ಆಯಿತು. ಆಚೀಚೆ ಉದ್ಧರಣ ಚಿಹ್ನೆಗಳು ಬಂದಿದ್ದರೂ ಚಿಂತೆಯಿಲ್ಲ.

ಆದರೆ ಇದನ್ನೇ ವಾಟ್ಸಾಪ್‌ನಲ್ಲಿ ಇನ್ನೊಬ್ಬರಿಗೆ ಕಳಿಸಿ ‘ಫೈಲು ಇಲ್ಲಿದೆ ನೋಡಿ’ ಎಂದರೆ ಉಪಯೋಗವಿಲ್ಲ. ವಿಳಾಸ ಆಯಾ ಕಂಪ್ಯೂಟರಿನದು. ನಿಮ್ಮಲ್ಲಿ ‘ಇ’ ಎಂದು ಕಂಡ ಪೆನ್ ಡ್ರೈವ್ ಅವರಲ್ಲಿ ‘ಜಿ’ ಆಗಿರಬಹುದು. ಕಚೇರಿಯ ನೆಟ್‌ವರ್ಕಿನಲ್ಲಿ ‘ಝಡ್’ ಡ್ರೈವ್ ಎಂಬುದು ಪಕ್ಕದ ಮೇಜಿನಲ್ಲಿ ಬೇರೆಯದೇ ಆಗಿರಬಹುದು. ಅಂಥಲ್ಲಿ ಎರಡು ಹಿಂಗೆರೆಗಳಿಂದ (\\) ಶುರುವಾಗಿ ಸರ್ವರ್ ಹೆಸರನ್ನೂ ಒಳಗೊಂಡ ವಿಳಾಸ ಕೊಟ್ಟರೆ ಎಲ್ಲರಿಗೂ ಒಂದೇ ಜಾಗ ಸಿಗುತ್ತದೆ.

ಎಕ್ಸ್‌ಪ್ಲೋರರ್‌ನ ಈ ಸೆಟ್ಟಿಂಗ್ ವರ್ಡ್, ಎಕ್ಸೆಲ್‌ಗಳಿಗೆ ಅನ್ವಯಿಸುವುದಿಲ್ಲ. ಅವುಗಳ ನೆತ್ತಿಯ ಮೇಲೆ ಫೈಲಿನ ಹೆಸರಷ್ಟೇ. ಅಲ್ಲೂ ವಿಳಾಸ ಬೇಕಿದ್ದರೆ ‘ಕ್ವಿಕ್ ಆಕ್ಸೆಸ್ ಟೂಲ್‌ಬಾರ್’ಗೆ ಎಲ್ಲ ಕಮ್ಯಾಂಡುಗಳ ಪಟ್ಟಿಯಿಂದ ‘ಡಾಕ್ಯುಮೆಂಟ್ ಲೊಕೇಶನ್’ ಸೇರಿಸಿಕೊಳ್ಳಿ. ಎಕ್ಸೆಲ್‌ನ ಹೆಡರ್, ಫೂಟರ್ ಪರಿಕರಗಳಲ್ಲಿ ‘ಫೈಲ್ ಪಾತ್’ ಎಂಬ ಬಟನ್ನೇ ಇದೆ. ಅದನ್ನು ಬಳಸಿದರೆ ಪ್ರಿಂಟ್ ಆದ ಹಾಳೆಯ ಅಡಿಯಲ್ಲಿ ವಿಳಾಸವೂ ಅಚ್ಚಾಗುತ್ತದೆ. ಹಳೆಯ ಹಾಳೆಯೊಂದನ್ನು ಹಿಡಿದು ಬಂದು ‘ಇದರಲ್ಲಿ ಒಂದು ಅಂಕಿ ತಿದ್ದಿ ಕೊಡಿ’ ಎನ್ನುವವರು ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್‌ನ ಫೈಂಡರ್‌ನಲ್ಲಿ ಇದಕ್ಕೆ ಸುಲಭದ ದಾರಿ ‘ಪಾತ್ ಬಾರ್’. 2007ರ ಲೆಪರ್ಡ್ ಆವೃತ್ತಿಯಿಂದಲೂ ಇದೆ. ‘ವ್ಯೂ’ ಮೆನುವಿನಲ್ಲಿ ‘ಶೋ ಪಾತ್ ಬಾರ್’ ಆರಿಸಿ, ಇಲ್ಲವೇ ಆಪ್ಷನ್ + ಕಮ್ಯಾಂಡ್ + ಪಿ ಒತ್ತಿ. ವಿಂಡೋದ ಕೆಳಗೆ ಡಿಸ್ಕಿನಿಂದ ಹಿಡಿದು ಈಗಿನ ಫೋಲ್ಡರಿನವರೆಗೆ ಇಡೀ ಸರಪಳಿ ಕಾಣುತ್ತದೆ. ಅದರ ಯಾವ ಕೊಂಡಿಯ ಮೇಲೆ ಡಬಲ್ ಕ್ಲಿಕ್ ಮಾಡಿದರೂ ಅಲ್ಲಿಗೆ ಹೋಗಬಹುದು. ಪಾತ್ ಬಾರ್ ಬೇಡ ಎನ್ನುವವರು ಕಮ್ಯಾಂಡ್ ಕೀ ಹಿಡಿದು ವಿಂಡೋದ ಟೈಟಲ್ ಮೇಲೆ ಕ್ಲಿಕ್ ಮಾಡಿದರೆ ಅದೇ ಸರಪಳಿ ಮೆನುವಾಗಿ ಇಳಿಯುತ್ತದೆ. ವಿಳಾಸ ಕಾಪಿ ಮಾಡಲು ಆಪ್ಷನ್ + ಕಮ್ಯಾಂಡ್ + ಸಿ. ಟೈಟಲ್‌ನಲ್ಲೇ ಪೂರ್ತಿ ವಿಳಾಸ ತರಿಸುವ ಗುಪ್ತ ಸೆಟ್ಟಿಂಗ್ ಒಂದಿದೆ, ಅದಕ್ಕೆ ಟರ್ಮಿನಲ್ ತೆರೆಯಬೇಕು. ಪಾತ್ ಬಾರ್ ಇರುವಾಗ ಆ ಉಸಾಬರಿ ಹೆಚ್ಚಿನವರಿಗೆ ಬೇಕಾಗದು.

ಲಿನಕ್ಸ್‌ನಲ್ಲಿ ಎಲ್ಲವೂ ನೀವು ಬಳಸುವ ಫೈಲ್ ಮ್ಯಾನೇಜರ್ ಮೇಲೆ ನಿಂತಿದೆ. ಲಿನಕ್ಸ್ ಮಿಂಟ್‌ನ ನೀಮೋದಲ್ಲಿ ‘ಎಡಿಟ್’ ಮೆನುವಿನ ‘ಪ್ರಿಫರೆನ್ಸಸ್’ ತೆರೆದು ‘ಡಿಸ್‌ಪ್ಲೇ’ ವಿಭಾಗಕ್ಕೆ ಹೋದರೆ, ಟೈಟಲ್ ಬಾರ್ ಮತ್ತು ಟ್ಯಾಬ್ ಬಾರ್‌ಗಳಲ್ಲಿ ಪೂರ್ತಿ ಪಾತ್ ತೋರಿಸುವ ಆಯ್ಕೆ ಸಿಗುತ್ತದೆ. ಕೆಡಿಇಯ ಡಾಲ್ಫಿನ್‌ನಲ್ಲಿ ‘ಕಾನ್ಫಿಗರ್ ಡಾಲ್ಫಿನ್’ ಒಳಗೆ ‘ಶೋ ಫುಲ್ ಪಾತ್ ಇನ್ ಟೈಟಲ್ ಬಾರ್’ ಎಂದಿದೆ. ಎಕ್ಸ್‌ಎಫ್‌ಸಿಇಯ ಥುನಾರ್‌ನ ‘ಪ್ರಿಫರೆನ್ಸಸ್’ನಲ್ಲೂ ಇಂಥದೇ ಆಯ್ಕೆ ಇದೆ. ಉಬುಂಟುವಿನ ‘ಫೈಲ್ಸ್’ನಲ್ಲಿ ಮಾತ್ರ ಪ್ರತ್ಯೇಕ ಟೈಟಲ್ ಬಾರ್ ಇಲ್ಲ, ಪಾತ್ ಬಾರ್ ಇರುವುದೇ ಆ ಜಾಗದಲ್ಲಿ. ಕಂಟ್ರೋಲ್ + ಎಲ್ ಒತ್ತಿದರೆ ಅದು ಬರಹದ ರೂಪಕ್ಕೆ ತಿರುಗುತ್ತದೆ, ಕಾಪಿ ಮಾಡಿಕೊಳ್ಳಬಹುದು.

ವಿಂಡೋಸ್‌ನಲ್ಲಿ ಹಿಂಗೆರೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಮುಂಗೆರೆ (/) ಏಕೆ ಎಂಬ ಕುತೂಹಲವಿದ್ದರೆ: ಎಂಎಸ್-ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರಿನೊಳಗೆ ಫೋಲ್ಡರ್ ಇಡುವ ವ್ಯವಸ್ಥೆ ಇರಲಿಲ್ಲ. 1983ರ 2.0 ಆವೃತ್ತಿಯಲ್ಲಿ ಅದು ಬರುವ ಹೊತ್ತಿಗೆ ಮುಂಗೆರೆ ಕಮ್ಯಾಂಡುಗಳ ಆಯ್ಕೆ ಸೂಚಿಸಲು ಬಳಕೆಯಾಗಿಬಿಟ್ಟಿತ್ತು, ಹಾಗಾಗಿ ವಿಳಾಸಕ್ಕೆ ಹಿಂಗೆರೆ ಬಂತು.

ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟರೆ

ಯೂನಿಕೋಡ್ ಕನ್ನಡದಲ್ಲಿ ಹೆಸರಿಟ್ಟರೆ ಟೈಟಲ್, ಅಡ್ರೆಸ್ ಬಾರ್ ಎಲ್ಲೆಡೆ ಸರಿಯಾಗಿ ಕಾಣುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಪಠ್ಯವನ್ನು ಹೆಸರಿನ ಜಾಗಕ್ಕೆ ಪೇಸ್ಟ್ ಮಾಡಿದರೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ, ಏಕೆಂದರೆ ಅಲ್ಲಿ ಫಾಂಟ್ ಬದಲಿಸುವ ಅವಕಾಶವಿಲ್ಲ.

ಉದ್ದದ ಲೆಕ್ಕವನ್ನೂ ಗಮನದಲ್ಲಿಡಬೇಕು. ವಿಂಡೋಸ್‌ನಲ್ಲಿ ಬಹುಪಾಲು ಕೆಲಸಗಳಿಗೆ ಪೂರ್ತಿ ವಿಳಾಸದ ಮಿತಿ 260. ಡ್ರೈವಿನ ಅಕ್ಷರ, ಹಿಂಗೆರೆಗಳು, ಫೈಲಿನ ಹೆಸರು ಎಲ್ಲ ಸೇರಿ ಇಷ್ಟರಲ್ಲೇ ಮುಗಿಯಬೇಕು. ಇಲ್ಲಿ ಎಣಿಕೆಯಾಗುವುದು ನಾವು ಬಾಯಲ್ಲಿ ಹೇಳುವ ಅಕ್ಷರವಲ್ಲ. ‘ಬೆಂಗಳೂರು’ ನಮಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಸ್ವರಚಿಹ್ನೆ, ಅನುಸ್ವಾರಗಳೂ ಬೇರೆ ಬೇರೆ, ಒಟ್ಟು ಎಂಟು. ಒತ್ತಕ್ಷರ ಬಂದರೆ ನಡುವಿನ ಹಲಂತಕ್ಕೂ ಒಂದು ಲೆಕ್ಕ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಹಾಗಾಗಿ 85 ಚಿಹ್ನೆಗಳಿಗೆ ಹೆಸರು ಮುಗಿಯಬೇಕು. ಪಿಡಿಎಫ್‌ಗೆ ಇಡೀ ಆಮಂತ್ರಣ ಪತ್ರಿಕೆಯ ಶೀರ್ಷಿಕೆಯನ್ನೇ ಹೆಸರಾಗಿ ಕೊಡುವ ಅಭ್ಯಾಸವಿದ್ದರೆ ಕಾಪಿ ಮಾಡುವಾಗ ‘ಡೆಸ್ಟಿನೇಶನ್ ಪಾತ್ ಟೂ ಲಾಂಗ್’ ಎಂಬ ತಕರಾರು ಬರುವುದು ಇದೇ ಕಾರಣಕ್ಕೆ. ಟೈಟಲ್‌ನಲ್ಲಿ ಪೂರ್ತಿ ವಿಳಾಸ ಕಾಣುತ್ತಿದ್ದರೆ ಅದು ಬೆಳೆಯುತ್ತಿರುವುದು ಮೊದಲೇ ಗೊತ್ತಾಗುತ್ತದೆ.

ವಿಂಡೋಸ್‌ನ ಭಾಷೆಯನ್ನೇ ಕನ್ನಡ ಮಾಡಿಕೊಂಡವರಿಗೆ ಇನ್ನೊಂದು ವಿಷಯ. ‘ಡಾಕ್ಯುಮೆಂಟ್ಸ್’ನಂಥ ಫೋಲ್ಡರುಗಳ ಹೆಸರು ಪರದೆಯ ಮೇಲೆ ಕನ್ನಡದಲ್ಲಿ ಕಂಡರೂ ಡಿಸ್ಕಿನ ಮೇಲಿನ ನಿಜವಾದ ಹೆಸರು ಇಂಗ್ಲಿಷಿನದೇ. ಫೋನಿನಲ್ಲಿ ಯಾರಿಗಾದರೂ ದಾರಿ ಹೇಳುವಾಗ ಕಣ್ಣಿಗೆ ಕಂಡ ಹೆಸರಿನ ಬದಲು ವಿಳಾಸದಲ್ಲಿರುವ ಹೆಸರನ್ನೇ ಹೇಳಿ.

ಒಂದು ಎಚ್ಚರಿಕೆ

ಪೂರ್ತಿ ವಿಳಾಸದಲ್ಲಿ ಸಾಮಾನ್ಯವಾಗಿ ನಿಮ್ಮ ಲಾಗಿನ್ ಹೆಸರು, ಕೆಲವೊಮ್ಮೆ ಗ್ರಾಹಕರ ಅಥವಾ ರೋಗಿಯ ಹೆಸರು, ಪ್ರಕರಣದ ಸಂಖ್ಯೆ ಇರುತ್ತವೆ. ಆನ್‌ಲೈನ್ ಮೀಟಿಂಗಿನಲ್ಲಿ ಸ್ಕ್ರೀನ್ ಹಂಚಿಕೊಂಡಾಗ, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದಾಗ ಅವೂ ಹೊರಗೆ ಹೋಗುತ್ತವೆ. ವಕೀಲರು, ವೈದ್ಯರು, ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಚಿತ್ರ ಕಳಿಸುವ ಮುನ್ನ ಮೇಲಿನ ಪಟ್ಟಿಯನ್ನು ಕತ್ತರಿಸುವ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಇವತ್ತೇ ಮಾಡಬೇಕಾದದ್ದು ಇಷ್ಟು: ನೀವು ದಿನವೂ ಬಳಸುವ ಕಂಪ್ಯೂಟರಿನಲ್ಲಿ ಆ ಒಂದು ಟಿಕ್ ಹಾಕಿ, ವಾರ ಹತ್ತು ದಿನ ನೋಡಿ. ಸಾಲು ತುಂಡಾಗಿ ಕಿರಿಕಿರಿಯಾದರೆ ಫೋಲ್ಡರುಗಳನ್ನು ಡ್ರೈವಿನ ಹತ್ತಿರಕ್ಕೆ ತನ್ನಿ. ಆಗಲೂ ಒಗ್ಗದಿದ್ದರೆ ಟಿಕ್ ತೆಗೆದು ಆಲ್ಟ್ + ಡಿ ಒಂದನ್ನು ಅಭ್ಯಾಸ ಮಾಡಿಕೊಳ್ಳಿ. ದಾರಿ ಯಾವುದಾದರೂ ಸರಿ, ಡಿಲೀಟ್ ಒತ್ತುವಾಗ, ‘ರೀಪ್ಲೇಸ್ ಮಾಡಲೇ’ ಎಂಬ ಪ್ರಶ್ನೆಗೆ ಹೌದು ಎನ್ನುವಾಗ, ಕಾರ್ಡ್ ಫಾರ್ಮ್ಯಾಟ್ ಮಾಡುವಾಗ, ಈ ಮೂರು ಸಲವಾದರೂ ಹೆಸರನ್ನಲ್ಲ, ವಿಳಾಸವನ್ನು ಓದಿ ಮುಂದುವರಿಯಿರಿ.